ಅಮಿಗಾ 500ರ ಪರದೆಯನ್ನು ಫೈಲಾಗಿ ಉಳಿಸೋದು ಹೇಗೆ? ಒಂದು ವಿಂಡೋ ಮಾತ್ರ ಸಿಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಉಡುಪಿಯಲ್ಲಿ ವಿಡಿಯೋ ಸ್ಟುಡಿಯೋ ಇಟ್ಟಿದ್ದ ನಿಮ್ಮ ಚಿಕ್ಕಪ್ಪ ಬಹ್ರೇನ್‌ನಿಂದ ತಂದ ಅಮಿಗಾ 500 ಅನ್ನೋ ಹಳೆ ಕಂಪ್ಯೂಟರ್ ಈಗಲೂ ಆನ್ ಆಗುತ್ತದೆ. ಅವರು ಮಾಡಿದ ಮದುವೆ ಟೈಟಲ್‌ಗಳು ಫ್ಲಾಪಿಯಲ್ಲಿವೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಪಟ್ಟೆ ಪಟ್ಟೆ ಬರುತ್ತದೆ, ಕೀಬೋರ್ಡಿನಲ್ಲಿ ಪ್ರಿಂಟ್ ಸ್ಕ್ರೀನ್ ಬಟನ್ ಇಲ್ಲ, ಹಾಗಾದರೆ ಏನು ಮಾಡೋದು?

ಮೊದಲನೆಯದಾಗಿ, ಟೈಟಲ್‌ಗಳನ್ನು ಡಿಲಕ್ಸ್ ಪೇಂಟ್ ಅನ್ನೋ ಚಿತ್ರ ಬರೆಯುವ ಪ್ರೋಗ್ರಾಂನಲ್ಲಿ ಬರೆದು ಸೇವ್ ಮಾಡಿದ್ದರೆ ಪರದೆ ಹಿಡಿಯುವ ಕೆಲಸವೇ ಬೇಡ. ಅವು ಆಗಲೇ ಐಎಫ್‌ಎಫ್ ಅನ್ನೋ ರೂಪದ ಚಿತ್ರ ಫೈಲ್‌ಗಳು, ಕಾಪಿ ಮಾಡಿಕೊಂಡರೆ ಸಾಕು. ಆದರೆ ಆಗಿನ ಕೆಲವು ಟೈಟಲಿಂಗ್ ಪ್ರೋಗ್ರಾಂಗಳು ಪುಟಗಳನ್ನು ತಮ್ಮದೇ ರೀತಿಯಲ್ಲಿ ಉಳಿಸುತ್ತಿದ್ದವು, ಬೇರೆ ಯಾವುದರಲ್ಲೂ ತೆರೆಯೋದಿಲ್ಲ. ಅಂಥವಕ್ಕೆ ಪರದೆಯಿಂದಲೇ ಚಿತ್ರ ಎತ್ತಬೇಕು. ಅದಕ್ಕೆ ಗ್ರ್ಯಾಬರ್ ಅನ್ನೋ ಚಿಕ್ಕ ಪ್ರೋಗ್ರಾಂ ಬೇಕು. 1992ರಿಂದ ನಡೆಯುತ್ತಿರುವ ಅಮಿನೆಟ್ ಅನ್ನೋ ಸಂಗ್ರಹದಲ್ಲಿ ಇಂಥವು ಪುಕ್ಕಟೆ ಸಿಗುತ್ತವೆ.

ಯಾವುದು ನಿಮ್ಮ ಮೆಷಿನ್‌ನಲ್ಲಿ ಓಡುತ್ತದೆ ಅಂತ ತಿಳಿಯೋಕೆ ಫ್ಲಾಪಿ ಹಾಕದೆ ಆನ್ ಮಾಡಿ ನೋಡಿ. ಕೈಯೊಂದು ಫ್ಲಾಪಿ ಹಿಡಿದಿರುವ ಚಿತ್ರ ಬಂದರೆ ಅದು ಕಿಕ್‌ಸ್ಟಾರ್ಟ್, ಅಂದರೆ ಮೆಷಿನ್ ಒಳಗಿನ ಮೂಲ ಸಿಸ್ಟಮ್, 1.2 ಅಥವಾ 1.3. ಫ್ಲಾಪಿ ಡ್ರೈವಿನೊಳಗೆ ಹೋಗುವ ಚಿತ್ರ ಬಂದರೆ 2.0 ಅಥವಾ ಅದಕ್ಕಿಂತ ಹೊಸದು. 2.0 ಬೇಕು ಅಂತ ಬರೆದಿರುವ ಗ್ರ್ಯಾಬರ್ 1.3ರಲ್ಲಿ ನಡೆಯೋದಿಲ್ಲ. ಹಾಗೇ, ಮೆಮೊರಿ ಹೆಚ್ಚಿಸೋಕೆ ಹೊಟ್ಟೆಯ ಕೆಳಗೆ ಎ501 ಕಾರ್ಡ್ ಹಾಕಿದ್ದರೆ ಅದನ್ನು ಹೊರತೆಗೆದು ಬ್ಯಾಟರಿ ನೋಡಿ. ಅದು ಸೋರಿ ಬೋರ್ಡ್ ತಿಂದು ಹಾಕುತ್ತದೆ, ನಮ್ಮ ಕರಾವಳಿಯ ತೇವಕ್ಕಂತೂ ಕೇಳೋದೇ ಬೇಡ. ಫ್ಲಾಪಿಗೆ ಬೂಸ್ಟು ಹಿಡಿದಿದ್ದರೆ ಹಾಗೇ ಡ್ರೈವಿಗೆ ತುರುಕಬೇಡಿ, ಹೆಡ್ ಕೊಳೆಯಾಗಿ ಮುಂದಿನ ಫ್ಲಾಪಿಯೂ ಹಾಳಾಗುತ್ತದೆ. ಮೂಲೆಯ ಕಿಂಡಿ ತೆರೆದಿಟ್ಟರೆ ಅದರ ಮೇಲೆ ಏನೂ ಬರೆಯೋಕಾಗಲ್ಲ, ಎಲ್ಲ ಹಳೆ ಫ್ಲಾಪಿಗೂ ಮೊದಲು ಅದನ್ನು ಮಾಡಿ.

ಈಗ ಅಸಲು ವಿಷಯ. ಇಷ್ಟೆಲ್ಲ ಕಷ್ಟ ಯಾಕೆ, ಒಳ್ಳೆ ಕ್ಯಾಮೆರಾದಲ್ಲಿ ಫೋಟೋ ತೆಗೆದರಾಗಲ್ವಾ ಅಂತ ನಿಮಗೆ ಅನ್ನಿಸಬಹುದು. ಆಗಲ್ಲ. 90ರ ದಶಕದ ಶುರುವಿನಲ್ಲಿ ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ವಿಡಿಯೋ ಅಂಗಡಿಯಲ್ಲಿ ಟೈಟಲ್ ಕೆಲಸ ಮಾಡುತ್ತಿದ್ದೆ. ನಮ್ಮ ಹತ್ತಿರ ಕನ್ನಡ ಫಾಂಟ್ ಇರಲಿಲ್ಲ. 'ಶುಭವಿವಾಹ', 'ಚಿ| ರಾ|', 'ಚಿ| ಸೌ|' ಎಲ್ಲವನ್ನೂ ಮೌಸ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಬರೆದು, ಬ್ರಷ್ ಅಂತ ಕತ್ತರಿಸಿಟ್ಟು, ಆಮೇಲೆ ಪುಟಕ್ಕೆ ಅಂಟಿಸುತ್ತಿದ್ದೆವು. ಚಿಕ್ಕ ಅಕ್ಷರದಲ್ಲಿ 'ಪ'ಗೂ 'ಷ'ಗೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದೇ ಪಿಕ್ಸೆಲ್ ದಪ್ಪದ ಗೀಟು. ಫೋಟೋದಲ್ಲೋ ಜೇಪೆಗ್‌ನಲ್ಲೋ ಅದು ಕಲಸಿಹೋದರೆ 'ಸಂತೋಷ' ಹೋಗಿ 'ಸಂತೋಪ' ಆಗುತ್ತದೆ. ಒತ್ತಕ್ಷರಗಳ ಕಥೆಯೂ ಅದೇ. ನಿಮ್ಮ ಚಿಕ್ಕಪ್ಪ ಯಾವ ಪಿಕ್ಸೆಲ್ ಎಲ್ಲಿಟ್ಟರೋ ಅದು ಅಲ್ಲೇ ಇರಬೇಕು ಅಂದರೆ ಮೆಮೊರಿಯಲ್ಲಿ ಇರುವುದನ್ನೇ ಫೈಲಿಗೆ ಇಳಿಸಬೇಕು. ಇದರಲ್ಲಿ ರಾಜಿ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೆಮೊರಿಯಲ್ಲಿ ಚಿತ್ರ ಪದರ ಪದರವಾಗಿ ಇರುತ್ತದೆ, ಇದಕ್ಕೆ ಬಿಟ್‌ಪ್ಲೇನ್ ಅಂತಾರೆ. ನಾಲ್ಕು ಬಣ್ಣಕ್ಕೆ ಎರಡು ಪದರ, 32 ಬಣ್ಣಕ್ಕೆ ಐದು. ಗ್ರ್ಯಾಬರ್ ಈ ಪದರಗಳನ್ನು ಓದಿ, ಬಣ್ಣದ ಪಟ್ಟಿ ಸೇರಿಸಿ, ಐಎಫ್‌ಎಫ್ ಆಗಿ ಬರೆಯುತ್ತದೆ. ಈ ಐಎಫ್‌ಎಫ್ ಅನ್ನೋದು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 1985ರಲ್ಲಿ ಕೊಟ್ಟ ರೂಪ. ಅದರೊಳಗೆ ಸಿಎಎಂಜಿ ಅನ್ನೋ ಒಂದು ತುಂಡು ಇರುತ್ತದೆ, ಪರದೆ ಯಾವ ಮೋಡ್‌ನಲ್ಲಿತ್ತು ಅಂತ ಹೇಳೋದು ಅದೇ. ಅದನ್ನು ಬರೆಯದ ಗ್ರ್ಯಾಬರ್ ಬೇಡವೇ ಬೇಡ. 4096 ಬಣ್ಣ ತೋರಿಸುವ ಹ್ಯಾಮ್ ಮೋಡ್‌ನ ಚಿತ್ರ ಅದಿಲ್ಲದೆ ತೆರೆದರೆ ಬರೀ ಬಣ್ಣಬಣ್ಣದ ಕಸ ಕಾಣುತ್ತದೆ.

ವಿಂಡೋ ವಿಷಯಕ್ಕೆ ಬಂದರೆ, ಅಮಿಗಾದಲ್ಲಿ ಸ್ಕ್ರೀನ್ ಬೇರೆ, ವಿಂಡೋ ಬೇರೆ. ಪ್ರತಿ ಪ್ರೋಗ್ರಾಂ ತನ್ನದೇ ಸ್ಕ್ರೀನ್ ತೆರೆಯಬಹುದು, ಅದಕ್ಕೆ ತನ್ನದೇ ರೆಸಲ್ಯೂಶನ್, ತನ್ನದೇ ಬಣ್ಣಗಳು. ಮೇಲಿನ ಪಟ್ಟಿ ಹಿಡಿದು ಕೆಳಗೆ ಎಳೆದರೆ ಹಿಂದಿನ ಸ್ಕ್ರೀನ್ ಕಾಣುತ್ತದೆ ಅಲ್ವಾ, ಅದನ್ನು ಮಾಡೋದು ಕಾಪರ್ ಅನ್ನೋ ಹಾರ್ಡ್‌ವೇರ್, ಟಿವಿಯ ಗೆರೆ ಒಂದು ಕಡೆಗೆ ಬಂದ ಕೂಡಲೇ ಮೋಡ್ ಬದಲಾಯಿಸಿಬಿಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಆ ಎರಡು ತುಂಡಿನ ದೃಶ್ಯ ಮೆಮೊರಿಯಲ್ಲಿ ಎಲ್ಲೂ ಒಂದೇ ಚಿತ್ರವಾಗಿ ಇರೋದಿಲ್ಲ. ಗ್ರ್ಯಾಬರ್ ಒಂದು ಸಲಕ್ಕೆ ಒಂದು ಸ್ಕ್ರೀನ್ ಹಿಡಿಯುತ್ತದೆ ಅಷ್ಟೇ. ಮೌಸ್ ಬಾಣವೂ ಬರೋದಿಲ್ಲ, ಯಾಕಂದ್ರೆ ಅದು ಸ್ಪ್ರೈಟ್, ಚಿತ್ರದ ಪದರಗಳಲ್ಲಿ ಇಲ್ಲವೇ ಇಲ್ಲ. ಟೈಟಲ್‌ಗೆ ಇದು ಲಾಭವೇ.

ವಿಂಡೋವನ್ನು ಹಿಡಿಯೋದು ಅಂದರೆ ಸ್ಕ್ರೀನಿನ ಚಿತ್ರದಿಂದ ಒಂದು ಚೌಕ ಕತ್ತರಿಸೋದು. ವಿಂಡೋ ಎಲ್ಲಿ ಶುರು, ಎಷ್ಟು ಅಗಲ, ಎಷ್ಟು ಎತ್ತರ ಅನ್ನೋದು ಸಿಸ್ಟಮ್‌ಗೆ ಗೊತ್ತಿರುತ್ತದೆ, ಗ್ರ್ಯಾಬರ್ ಅದನ್ನು ಕೇಳಿಕೊಂಡು ಅಷ್ಟನ್ನೇ ಎತ್ತುತ್ತದೆ. ಅದರ ಮೇಲೆ ಇನ್ನೊಂದು ವಿಂಡೋ ಬಿದ್ದಿದ್ದರೆ ಅದೂ ಚಿತ್ರದಲ್ಲಿ ಬರುತ್ತದೆ. ಅದಕ್ಕೇ ಮೊದಲು ಮೂಲೆಯ ಗುಂಡಿಯಿಂದ ನಿಮಗೆ ಬೇಕಾದ ವಿಂಡೋವನ್ನು ಮುಂದಕ್ಕೆ ತನ್ನಿ. ನನ್ನನ್ನು ಕೇಳಿದರೆ ಯಾವಾಗಲೂ ಇಡೀ ಸ್ಕ್ರೀನ್ ಹಿಡಿಯಿರಿ, ಕತ್ತರಿಸೋದನ್ನು ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಮಾಡಿ. 640x256 ಅಳತೆಯ ನಾಲ್ಕು ಬಣ್ಣದ ಸ್ಕ್ರೀನ್ ಬರೀ 40 ಕೆಬಿ, 880 ಕೆಬಿ ಫ್ಲಾಪಿಯಲ್ಲಿ ಇಪ್ಪತ್ತರ ಹತ್ತಿರ ಹಿಡಿಯುತ್ತವೆ, ಕಂಪ್ರೆಸ್ ಆದರೆ ಇನ್ನೂ ಜಾಸ್ತಿ. ಅಂಚಿನಲ್ಲಿ ಏನಿತ್ತು ಅಂತ ನಾಳೆ ಬೇಕಾಗಬಹುದು.

ಟೈಟಲ್ ಪ್ರೋಗ್ರಾಂ ತನ್ನ ಸ್ಕ್ರೀನ್‌ನಲ್ಲಿ ಇರುವಾಗ ಗ್ರ್ಯಾಬರ್ ಶುರು ಮಾಡೋದು ಹೇಗೆ? ಕೆಲವಕ್ಕೆ ಶಾರ್ಟ್‌ಕಟ್ ಕೀ ಇರುತ್ತದೆ, ಕೆಲವಕ್ಕೆ ಇಷ್ಟು ಸೆಕೆಂಡ್ ಕಾಯಿ ಅಂತ ಹೇಳಬಹುದು. ಎರಡೂ ಇಲ್ಲದಿದ್ದರೆ ಆಜ್ಞೆ ಟೈಪ್ ಮಾಡುವ ಸಿಎಲ್‌ಐ ವಿಂಡೋನಲ್ಲಿ ಒಂದು ಸ್ಕ್ರಿಪ್ಟ್ ಮಾಡಿ, ಮೊದಲ ಸಾಲು ವೇಟ್ 10, ಎರಡನೆಯದು ಗ್ರ್ಯಾಬರ್. ಅದನ್ನು ಓಡಿಸಿ, ಎಡಗಡೆಯ ಅಮಿಗಾ ಕೀ ಜೊತೆ ಎಮ್ ಒತ್ತಿ ಟೈಟಲ್ ಸ್ಕ್ರೀನ್‌ಗೆ ಹೋಗಿ ಸುಮ್ನೆ ಕೂತಿರಿ. ವಾಪಸ್ ಬರೋಕೆ ಅಮಿಗಾ ಕೀ ಜೊತೆ ಎನ್. ಡ್ರೈವ್ ಒಂದೇ ಇದ್ದರೆ ಮೊದಲು ರ್ಯಾಮ್ ಡಿಸ್ಕಿಗೆ ಸೇವ್ ಮಾಡಿ, ಕೂಡಲೇ ಫ್ಲಾಪಿಗೆ ಕಾಪಿ ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ರ್ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು.

ಆಟಗಳನ್ನು ಹೀಗೆ ಹಿಡಿಯೋದು ಕಷ್ಟ. ಹೆಚ್ಚಿನವು ಸಿಸ್ಟಮ್ ಬಿಟ್ಟು ನೇರ ಹಾರ್ಡ್‌ವೇರ್ ಹಿಡಿಯುತ್ತವೆ, ಅದಕ್ಕೆ ಪಕ್ಕದಲ್ಲಿ ಸಿಕ್ಕಿಸುವ ಆ್ಯಕ್ಷನ್ ರಿಪ್ಲೇ ಕಾರ್ಟ್ರಿಜ್ ಬೇಕು.

ಹೊರಗೆ ತರೋದು ಇನ್ನೊಂದು ಕೆಲಸ. ಪಿಸಿಯ ಫ್ಲಾಪಿ ಡ್ರೈವ್ ಅಮಿಗಾದ 880 ಕೆಬಿ ಫ್ಲಾಪಿ ಓದೋದಿಲ್ಲ. ಈಗ ಸುಲಭದ ದಾರಿ ಗೋಟೆಕ್, ಡ್ರೈವ್ ಜಾಗದಲ್ಲಿ ಕೂರಿಸಿ ಪೆನ್‌ಡ್ರೈವ್ ಹಾಕಿದರೆ ಅದೇ ಫ್ಲಾಪಿ. ಹಳೆ ಡ್ರೈವ್ ಬಿಸಾಡಬೇಡಿ, ಅದನ್ನು ಹೊರಗಿನ ಡ್ರೈವ್ ಆಗಿ ಜೋಡಿಸಿಕೊಂಡರೆ ಅಲ್ಲಿಂದ ಗೋಟೆಕ್‌ಗೆ ಕಾಪಿ ಮಾಡಬಹುದು. ಪೆನ್‌ಡ್ರೈವಿನ ಎಡಿಎಫ್ ಫೈಲನ್ನು (ಇಡೀ ಫ್ಲಾಪಿಯ ನಕಲು) ಪಿಸಿಯಲ್ಲಿ ಅಮಿಗಾದಂತೆ ನಡೆಯುವ ವಿನ್‌ಯುಎಇ ಎಮ್ಯುಲೇಟರ್‌ನಲ್ಲಿ ತೆರೆದು ಚಿತ್ರಗಳನ್ನು ಹೊರಗೆ ತೆಗೆಯಿರಿ, ನೆಟ್‌ಪಿಬಿಎಂ ಅನ್ನೋ ಚಿತ್ರ ಬದಲಾಯಿಸುವ ಪ್ರೋಗ್ರಾಂಗಳ ಕಟ್ಟಿನಲ್ಲಿರುವ ಐಎಲ್‌ಬಿಎಂಟುಪಿಪಿಎಂನಿಂದ ಬದಲಾಯಿಸಿ, ಕೊನೆಗೆ ಪಿಎನ್‌ಜಿ ಮಾಡಿಕೊಳ್ಳಿ. ಮೂಲ ಐಎಫ್‌ಎಫ್ ಅಳಿಸಬೇಡಿ.

ಪಿಎನ್‌ಜಿ ಮಾಡುವಾಗ ಎರಡು ಗಮನ ಬೇಕು. 640x256ರ ಪಿಕ್ಸೆಲ್ ಚೌಕ ಅಲ್ಲ, ಅಗಲಕ್ಕಿಂತ ಎತ್ತರ ಜಾಸ್ತಿ. ಹಾಗೇ ಬಿಟ್ಟರೆ ಅಕ್ಷರಗಳು ಚಪ್ಪಟೆಯಾಗುತ್ತವೆ, ಅದಕ್ಕೆ ಎತ್ತರ ಎರಡು ಪಟ್ಟು ಮಾಡಿ, ಪಿಕ್ಸೆಲ್ ಬೆರೆಸದೆ ಪ್ರತಿ ಗೆರೆಯನ್ನೂ ಎರಡು ಸಲ ಬರೆಯುವ ಆಯ್ಕೆಯನ್ನೇ ಹಿಡಿಯಿರಿ. 640x512 ಆಗಿದ್ದರೆ ಇದು ಬೇಡ. ಇನ್ನೊಂದು, ನಿಮ್ಮ ಚಿಕ್ಕಪ್ಪ ಜೆನ್‌ಲಾಕ್ (ಕಂಪ್ಯೂಟರಿನ ಚಿತ್ರವನ್ನು ವಿಡಿಯೋ ಮೇಲೆ ಕೂರಿಸುವ ಸಾಧನ) ಬಳಸಿದ್ದರೆ ಹಿನ್ನೆಲೆಯ ಆ ಒಂದು ಬಣ್ಣ, ಪಟ್ಟಿಯ ಸೊನ್ನೆಯನೇ ಬಣ್ಣ, ಕ್ಯಾಸೆಟ್‌ನಲ್ಲಿ ಯಾವತ್ತೂ ಕಂಡದ್ದಲ್ಲ. ಅದು ಇದ್ದ ಜಾಗದಲ್ಲೆಲ್ಲ ಮದುವೆಯ ವಿಡಿಯೋ ಕಾಣುತ್ತಿತ್ತು. ಆ ಸೊನ್ನೆ ಬಣ್ಣವನ್ನು ಪಾರದರ್ಶಕ ಮಾಡಿ ಉಳಿಸಿದರೆ ಡಿಜಿಟಲ್ ಮಾಡಿಸಿದ ಹಳೆ ವಿಡಿಯೋದ ಮೇಲೆ ಅದೇ ಟೈಟಲ್ ಮತ್ತೆ ಕೂರುತ್ತದೆ.