ಫೈಬ್ರಾಯ್ಡ್ ಅಂತ ತೆಗೆದ ಗಡ್ಡೆ, ರಿಪೋರ್ಟಿನಲ್ಲಿ ಸಾರ್ಕೋಮಾ

ಅಣ್ಣಾರೇ, ಕೊಪ್ಪಳದಲ್ಲಿ ನಿಮ್ಮ ಅವ್ವಾರ ಗರ್ಭಕೋಶವನ್ನು ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಂತ ತೆಗೆದರು, ಬಯಾಪ್ಸಿಯಲ್ಲಿ 'ಲಿಯೋಮಯೋಸಾರ್ಕೋಮಾ', ಅಂದರೆ ಸಾರ್ಕೋಮಾ ಜಾತಿಯ ಸ್ನಾಯುವಿನ ಕ್ಯಾನ್ಸರ್, ಬಂತು, ಮುಂದೇನು ಅಂತ ಕೇಳಿದ್ದೀರಿ. ರಾಯಚೂರಿನಲ್ಲಿ ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ನಿಮ್ಮ ಸಂಕಟ ಗೊತ್ತು.

ಆಪರೇಷನ್ ಮಾಡಿದವರ ಮೇಲೆ ಸಿಟ್ಟಾಗಬೇಡಿ. ಇದು ಗರ್ಭಕೋಶದ ಒಳಪದರದಲ್ಲಲ್ಲ, ಸ್ನಾಯುವಿನಲ್ಲಿ ಹುಟ್ಟುತ್ತದೆ. ಸ್ಕ್ಯಾನಿಂಗಿನಲ್ಲಿ ಸಾದಾ ಗಡ್ಡೆಯ ಹಾಗೇ ಕಾಣುತ್ತದೆ, ಒಳಪದರ ಕೆರೆದು ನೋಡಿದರೂ ಎಷ್ಟೋ ಸಲ ಸಿಗುವುದಿಲ್ಲ.

ನಾಳೆಯೇ ಲ್ಯಾಬಿಗೆ ಹೋಗಿ ಗಡ್ಡೆಯ ತುಣುಕಿರುವ ಸ್ಲೈಡ್, ಮೇಣದ ಬ್ಲಾಕ್ ಎರಡನ್ನೂ ಇಸ್ಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಇನ್ನೊಬ್ಬ ಪೆಥಾಲಜಿಸ್ಟ್ (ಗಡ್ಡೆಯ ತುಣುಕು ಪರೀಕ್ಷಿಸುವ ಡಾಕ್ಟರು) ನೋಡಲೇಬೇಕು. ಕಡಿಮೆ ದರ್ಜೆಯ ಸ್ಟ್ರೋಮಲ್ ಸಾರ್ಕೋಮಾ (ನಿಧಾನವಾಗಿ ಬೆಳೆಯುವ, ಒಳಪದರದ ಇನ್ನೊಂದು ಕ್ಯಾನ್ಸರ್) ಅಂತಾದರೆ ಹಾರ್ಮೋನ್ ತಡೆಯುವ ಮಾತ್ರೆಗೆ ಎಷ್ಟೋ ಸಲ ಬಗ್ಗುತ್ತದೆ. ಲಿಯೋಮಯೋಸಾರ್ಕೋಮಾದ ದಾರಿಯೇ ಬೇರೆ. ಎದೆಯ ಸಿಟಿ ಬಿಡಬೇಡಿ, ಇದು ರಕ್ತದಲ್ಲಿ ಸಾಗಿ ಶ್ವಾಸಕೋಶ ಸೇರುವ ಜಾತಿ. ಗಡ್ಡೆಯನ್ನು ಇಡಿಯಾಗಿ ತೆಗೆದರೋ, ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರದ ಆಪರೇಷನ್) ತುಂಡರಿಸಿದರೋ ಅನ್ನೋದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ತುಂಡರಿಸಿದ್ದರೆ ಹೊಟ್ಟೆಯೊಳಗೆ ಹರಡುವ ಅಪಾಯ ಹೆಚ್ಚು. ಗರ್ಭಕೋಶದೊಳಗೇ ಇದ್ದು ಪೂರ್ತಿ ಹೊರಬಂದಿದ್ದರೆ, ಕೆಲವರಿಗೆ ಕೀಮೋ ಕೊಡದೆ ಆಗಾಗ ಸ್ಕ್ಯಾನ್ ಮಾಡಿ ಕಾಯುತ್ತಾರೆ.

ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಬಿಪಿಎಲ್, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಅವ್ವಾರಿಗೆ ವಿಷಯ ಮುಚ್ಚಿಡಬೇಡಿ. ನಾವು ಮುಚ್ಚಿಟ್ಟೆವು, ಚಿಕ್ಕಮ್ಮ ಅದಕ್ಕೇ ಹೆಚ್ಚು ನೊಂದರು.