ಗ್ಯಾರೇಜ್ ಕಟ್ಟೆ: ಯಾರೂ ಕೇಳದೇ ಬಂದ ಕಾರುಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂವತ್ತು ವರ್ಷ ಕಾರು ರಿಪೇರಿ ಮಾಡಿದ ನಮ್ಮ ಮಿಸ್ತ್ರಿ ಓದುಗರಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ಮಿಸ್ತ್ರಿಯವರೇ, ನಮ್ಮ ಸೋದರಮಾವ 2005ರ ಮಾರುತಿ ವರ್ಸಾ ಮಾರುತ್ತಿದ್ದಾರೆ. ಮನೆಯಲ್ಲಿ ಎಂಟು ಜನ ಇದ್ದೇವೆ. ಕೊಳ್ಳಬಹುದೇ? ಇಷ್ಟು ಅನುಕೂಲದ ಗಾಡಿ ಆಗ ಏಕೆ ಓಡಲಿಲ್ಲ?
– ಬೆಟಗೇರಿಯ ಓದುಗರು

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇನೆ. ವರ್ಸಾ ಬಂದದ್ದು 2001ರಲ್ಲಿ. ಜಾಹೀರಾತಿಗೆ ಅಮಿತಾಭ್ ಬಚ್ಚನ್, ಜೊತೆಗೆ ಮಗ ಅಭಿಷೇಕ್. 1.3 ಲೀಟರ್ ಎಂಜಿನ್, ಮುಂದೊಂದು ಹಿಂದೊಂದು ಏಸಿ. ಆದರೆ ದೂರದಿಂದ ನೋಡಿದರೆ ಓಮ್ನಿಯ ಅಣ್ಣ. ಬೆಲೆ ಮಾತ್ರ ಡಿಕ್ಕಿ ಇರುವ ಕಾರಿನ ಹತ್ತಿರ. ಅಷ್ಟು ದುಡ್ಡು ಕೊಡುವವರಿಗೆ ಮದುವೆ ಮಂಟಪದ ಮುಂದೆ ನಿಲ್ಲಿಸಿದರೆ ನಾಲ್ಕು ಜನ ತಿರುಗಿ ನೋಡಬೇಕಿತ್ತು. ಜನ, ಸಾಮಾನು ತುಂಬುವವರಿಗೆ ಏಸಿ ಬೇಕಿರಲಿಲ್ಲ, ಕಿಟಕಿ ಸಾಕಿತ್ತು.

ನನ್ನಲ್ಲಿಗೆ ಒಂದು ವರ್ಸಾ ಬರುತ್ತಿತ್ತು. ಮಾಲೀಕರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಹಿಂದಿನ ಸೀಟುಗಳನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿದ್ದರು. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಮೊದಲು ಮೂಗಿಗೆ ಹತ್ತುವುದು ಮೆಣಸಿನಕಾಯಿ ಘಾಟು, ಆಮೇಲೆ ಆಯಿಲ್ ವಾಸನೆ. ಸೀನುತ್ತಲೇ ಪ್ಲಗ್ ಬಿಚ್ಚುತ್ತಿದ್ದೆ. ಆ ಗಾಡಿ ಯಾವ ಕೆಲಸಕ್ಕೆ ಹುಟ್ಟಿದ್ದೆಂದು ಅವರಿಗೆ ಒಂದೇ ಪಾನಾದಲ್ಲಿ ಗೊತ್ತಾಗಿತ್ತು. ಕಂಪನಿಗೆ ಒಂಬತ್ತು ವರ್ಷ ಹಿಡಿಯಿತು. 2010ರಲ್ಲಿ ಅದೇ ಮೈಕಟ್ಟಿಗೆ 1.2 ಲೀಟರ್ ಎಂಜಿನ್ ಕೂರಿಸಿ, ಏಸಿ ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟು, ಈಕೋ ಎಂದು ಹೆಸರಿಟ್ಟರು. 2023ರ ಹೊತ್ತಿಗೆ ಅದು 10 ಲಕ್ಷ ಮಾರಾಟ ದಾಟಿತ್ತು.

ಇನ್ನು ನಿಮ್ಮ ಮಾವನ ಗಾಡಿ. ಹದಿನೈದು ವರ್ಷ ಎಂದೋ ಮುಗಿದಿದೆ. ಆರ್‌ಸಿ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದ್ದಾರೆಯೇ ನೋಡಿ. ಜಾರುವ ಬಾಗಿಲನ್ನು ಪೂರ್ತಿ ತೆರೆದು ಕೆಳಗಿನ ಹಳಿಗೆ ಬೆರಳಾಡಿಸಿ. ತುಕ್ಕು ಪುಡಿಯಾಗಿ ಉದುರಿದರೆ ಚಹಾ ಕುಡಿದು ಎದ್ದು ಬನ್ನಿ. ಉದುರದಿದ್ದರೆ ಕೊಳ್ಳಿ, ಆದರೆ ಸೋದರಮಾವ ಎಂದು ಚೌಕಾಶಿ ಬಿಡಬೇಡಿ.

ಪ್ರಶ್ನೆ: ಮಹೀಂದ್ರಾ ಕ್ವಾಂಟೊ, ವೆರಿಟೊ ವೈಬ್ ಇವುಗಳ ಬಾಲ ಕತ್ತರಿಸಿದ್ದು ಯಾರ ಆಸೆಗೆ?
– ಹಾವೇರಿಯ ಓದುಗರು

ಉತ್ತರ: ತೆರಿಗೆಯ ಆಸೆಗೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ದಾಟಬಾರದಿತ್ತು. ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿಯೊಳಗೆ ಎಂಜಿನ್ ಇರಬೇಕಿತ್ತು. ಆಮೇಲೆ ಟೇಪು ಹಿಡಿದವರೇ ಎಂಜಿನಿಯರುಗಳು. ಕ್ವಾಂಟೊ (2012) ಎಂದರೆ ಮಹೀಂದ್ರಾದ್ದೇ ದೊಡ್ಡ ಗಾಡಿ ಝೈಲೊವನ್ನು ಕುಗ್ಗಿಸಿದ್ದು: ಉದ್ದ 3985 ಮಿಲಿಮೀಟರ್, ಎಂಜಿನ್ 1493 ಸಿಸಿ. ಎರಡೂ ಗೆರೆಯ ಒಳಗೆ, ಕೂದಲೆಳೆಯಷ್ಟು ಅಂತರ. ಮರುವರ್ಷ ವೆರಿಟೊದ ಡಿಕ್ಕಿ ತುಂಡರಿಸಿ ವೈಬ್ ಎಂದರು. ಅದನ್ನು ಹಿಂದಿನಿಂದ ನೋಡಿದಾಗಲೆಲ್ಲ, ಬಟ್ಟೆ ಸಾಲದೆ ತೋಳು ಮೊಟಕು ಮಾಡಿದ ಅಂಗಿ ನೆನಪಾಗುತ್ತದೆ. ದರ್ಜಿಯದು ತಪ್ಪಲ್ಲ, ಕೊಟ್ಟ ಅಳತೆಯೇ ಅಷ್ಟು.

ಪ್ರಶ್ನೆ: 1991ರ ಟಾಟಾ ಸಿಯೆರಾ ನನಗೆ ಬಲು ಇಷ್ಟವಾಗಿತ್ತು. ಆದರೂ ಊರಲ್ಲಿ ಹೆಚ್ಚು ಕಾಣಲಿಲ್ಲವೇಕೆ?
– ಧಾರವಾಡದ ಓದುಗರು

ಉತ್ತರ: ನನಗೂ ಇಷ್ಟವಿತ್ತು. ಪವರ್ ಕಿಟಕಿ, ಏಸಿ, ಎಲ್ಲ ಇದ್ದವು. ಆದರೆ ದುಡ್ಡೂ ಇದ್ದು, ಮನೆಯಲ್ಲಿ ಅಜ್ಜಿ ಇಲ್ಲದವರು ಆಗ ಧಾರವಾಡದಲ್ಲಿ ಎಷ್ಟು ಜನ ಇದ್ದರು? ಹಿಂದೆ ಕೂರುವವರಿಗೆ ಬಾಗಿಲಿಲ್ಲ, ಮುಂದಿನ ಸೀಟು ಮಡಚಿ ನುಗ್ಗಬೇಕು. ಇಳಕಲ್ ಸೀರೆಯ ನೆರಿಗೆ ಹಿಡಿದು ಹೇಗೋ ಹತ್ತಿದರೂ, ಪಕ್ಕದ ಆ ದೊಡ್ಡ ಬಾಗಿದ ಗಾಜು ತೆರೆಯುವಂಥದ್ದಲ್ಲ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡವರು ಉಗುಳುವುದೆಲ್ಲಿ?