ಮನೆಯಿಲ್ಲ, ಕುಡಿತದ ಚಟ, ಮಾನಸಿಕ ಕಾಯಿಲೆ ಎಲ್ಲ ಒಟ್ಟಿಗಿರುವವರಿಗೆ ದಾವಣಗೆರೆಯಲ್ಲಿ ನೆರವಾಗುವ ಸಂಸ್ಥೆಗಳು ಒಬ್ಬರಿಂದೊಬ್ಬರು ಕಲಿಯುವುದು ಹೇಗೆ?

ತಿಂಗಳಿಗೊಮ್ಮೆ ಒಂದೂವರೆ ಗಂಟೆಯ ಸಭೆ, ಏಳೆಂಟು ಜನ, ಒಬ್ಬ ವ್ಯಕ್ತಿಯ ಒಂದೇ ಪ್ರಕರಣ. ಇಷ್ಟರಿಂದ ಶುರು ಮಾಡಿ. ವಸತಿರಹಿತರ ಆಶ್ರಯ ಕೇಂದ್ರ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ಪೊಲೀಸ್, ಕಾನೂನು ಸೇವಾ ಪ್ರಾಧಿಕಾರದಿಂದ ನೇರವಾಗಿ ಜನರೊಂದಿಗೆ ಕೆಲಸ ಮಾಡುವವರೇ ಬರಲಿ. ಮುಖ್ಯಸ್ಥರು ಕೂತರೆ ಅದು ಪ್ರಗತಿ ಪರಿಶೀಲನಾ ಸಭೆಯಾಗಿಬಿಡುತ್ತದೆ. ತಪ್ಪು ಯಾರೂ ಬಾಯಿಬಿಡುವುದಿಲ್ಲ.

ಆ ವ್ಯಕ್ತಿ ಎಲ್ಲೆಲ್ಲಿ ಹೋದ, ಯಾರು ಏಕೆ ವಾಪಸ್ ಕಳಿಸಿದರು ಎಂದು ದಿನಾಂಕವಾರು ಬೋರ್ಡಿನ ಮೇಲೆ ಬರೆಯಿರಿ. ಕುಡಿದವರಿಗೆ ಆಶ್ರಯ ಕೇಂದ್ರದಲ್ಲಿ ಜಾಗವಿಲ್ಲ, ಮಾನಸಿಕ ಕಾಯಿಲೆಯಿದ್ದರೆ ವ್ಯಸನಮುಕ್ತಿಗೆ ಸೇರಿಸಲ್ಲ, ಜೊತೆಗೊಬ್ಬರಿಲ್ಲದೆ ಆಸ್ಪತ್ರೆಯಲ್ಲಿ ದಾಖಲಿಲ್ಲ: ಬಿಡಿಬಿಡಿಯಾಗಿ ಎಲ್ಲವೂ ಸರಿ ಎನಿಸುವ ನಿಯಮಗಳೇ, ಕೂಡಿದರೆ ಅವನಿಗೆ ಎಲ್ಲ ಬಾಗಿಲೂ ಬಂದ್.

ಇಲ್ಲಿಯೇ ಕಲಿಕೆ ಇರುವುದು. ಉದಾಹರಣೆಗೆ, ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು. ಇದು ವೈದ್ಯರಿಗೆ ಗೊತ್ತು; 'ಕುಡಿತ ಬಿಟ್ಟು ಬಾ' ಎನ್ನುವ ಆಶ್ರಯ ಕೇಂದ್ರದ ಸಿಬ್ಬಂದಿಗೆ ಗೊತ್ತಿರಬೇಕಲ್ಲ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ. ಆದ್ದರಿಂದ ಚರ್ಚೆಗೆ ಮೊದಲು ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಪಡೆಯಿರಿ, ವಾಟ್ಸಾಪ್ ಗುಂಪಿನಲ್ಲಿ ಹೆಸರು, ಫೋಟೊ ಬೇಡವೇ ಬೇಡ.

ಇದೇ ಕಷ್ಟ ದಾಟಿ ಬಂದ ಒಬ್ಬರಾದರೂ ಸಭೆಯಲ್ಲಿರಲಿ. ಅವರಿಗೆ ದಿನಗೂಲಿ, ಬಸ್ ಚಾರ್ಜ್ ಕೊಡಿ. ಪುಕ್ಕಟೆ ಕರೆದರೆ ಎರಡನೇ ಸಲ ಬರುವುದಿಲ್ಲ. ನಡಾವಳಿ ಒಂದೇ ಪುಟ: ಯಾವ ನಿಯಮ ಸಡಿಲಿಸಬೇಕು, ಯಾರು, ಯಾವ ತಾರೀಖಿನೊಳಗೆ. ಮುಂದಿನ ಸಭೆಯ ಮೊದಲ ಹತ್ತು ನಿಮಿಷ ಅದಕ್ಕೇ ಮೀಸಲು.